ಮುಳುಗೋ ಹಡಗಿನ ಚಿಕ್ಕಹನುಮಯ್ಯ

ಸೊಣ್ಣಮ್ಮ ದ್ರಾಕ್ಷಿ ಚಪ್ಪರದ ಅಡಿಯಲ್ಲಿ ತಲೆ ಬಗ್ಗಿಸಿ ನಿಂತು ಗೊಂಚಲು ಕತ್ತರಿಸುತ್ತಿದ್ದಳು. ಕಪ್ಪು ದ್ರಾಕ್ಷಿ. ಹಣ್ಣಿನ ಮೇಲಿನ ಬೂದಿಯಂಥ ತೆಳು ಪುಡಿ ಅಳಿಸಬಾರದು. ತೊಟ್ಟು ಮಾತ್ರ ಹಿಡಿದು, ಮಲಗಿದ ಮಗುವನ್ನು ಇಳಿಸುವಂತೆ ಬುಟ್ಟಿಗೆ ಇಳಿಸಬೇಕು. 1961ರ ಫೆಬ್ರವರಿಯ ಬಿಸಿಲು ಎಲೆಗಳ ಸಂದಿಯಿಂದ ಅವಳ ಬೆನ್ನ ಮೇಲೆ ಬೀಳುತ್ತಿತ್ತು. ಯಲಹಂಕದ ಕೆರೆಯ ಕೆಳಗೆ ಆ ವರ್ಷ ಫಸಲು ಚೆನ್ನಾಗಿತ್ತು.

ಮೈದುನ ನರಸಿಂಹಯ್ಯ ಬದುವಿನ ಮೇಲೆ ಬಂದು ನಿಂತ. ಒಳಗೆ ಬರಲಿಲ್ಲ.

"ಅತ್ತಿಗೆ, ಮಾಕಳಿಯೋರು ಯೋಳಿ ಕಳ್ಸವ್ರೆ. ನಾಳಿದ್ದು ಶುಕ್ರವಾರ ಬತ್ತಾರಂತೆ."

"ಬರ್ಲಿ. ಅದಕ್ಯಾಕೆ ಮುಖ ಇಂಗ್ ಮಾಡ್ಕಂಡಿದ್ದೀಯ? ನಿನ್ನೇನು ಎಣ್ಣು ನೋಡಕ್ ಬತ್ತಾರಾ?"

ನರಸಿಂಹಯ್ಯ ನಗಲಿಲ್ಲ. "ವೀಳ್ಯ ತರ್ತಾರೆ. ಆದ್ರೆ ತಟ್ಟೆ ಬದಲಾಯ್ಸಕೆ ಮುಂಚೆ ಒಂದ್ ಮಾತು ಕೇಳ್ತಾರಂತೆ. ಮುನಿಲಕ್ಷ್ಮಿ ಅಪ್ಪ ಬದುಕವ್ನಾ, ಇಲ್ವಾ? ಬದುಕಿದ್ರೆ ಅವನೇ ಬಂದು ಧಾರೆ ಎರೀಲಿ. ಇಲ್ಲಾಂದ್ರೆ ಇರೀಕ್ರ ಜೊತೆ ಅವನಿಗೂ ಎಡೆ ಇಕ್ಕಿ ಆಮೇಲೆ ಚಪ್ಪರ ಆಕ್ಲಿ. ಎರಡೂ ಇಲ್ದಿರೋ ಮನೆ ಎಣ್ಣು ನಮಗ್ ಬ್ಯಾಡ ಅಂತ ಉಡುಗನ ಅಜ್ಜಿ ಪಟ್ಟು ಇಡಿದವ್ಳೆ."

ಸೊಣ್ಣಮ್ಮ ಕತ್ತರಿಯನ್ನು ಬುಟ್ಟಿಯ ಅಂಚಿಗೆ ಸಿಕ್ಕಿಸಿದಳು. ಎರಡು ಸಂಬಂಧ ಇದೇ ಮಾತಿಗೆ ಮುರಿದಿದ್ದವು. ಮಗಳಿಗೆ ಹದಿನೇಳು. ಹುಡುಗ ಮಾಕಳಿಯಲ್ಲಿ ತೋಟ ಮಾಡಿಕೊಂಡಿದ್ದ, ಕುಡಿಯುವವನಲ್ಲ. ಮುನಿಲಕ್ಷ್ಮಿಗೂ ಮನಸ್ಸಿತ್ತು, ಅವನ ಹೆಸರು ಬಂದರೆ ನೀರು ಸೇದುವ ಹಗ್ಗ ಕೈಜಾರುತ್ತಿತ್ತು.

"ಅತ್ತೆಗೆ ಯೋಳಿದ್ಯಾ?"

"ನಾನಾ?" ನರಸಿಂಹಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡ. "ಅವ್ವನ ಮುಂದೆ ಆ ಮಾತಾಡಿ ಪೊರಕೇಲಿ ಒಡೆಸ್ಕಳಾಕೆ ನನಗೇನು ಉಚ್ಚಾ?"

ಸೊಣ್ಣಮ್ಮನ ಗಂಡ ಚಿಕ್ಕಹನುಮಯ್ಯ ನೀರಿನ ಮಗ ಎಂದು ಊರಿನವರು ಹೇಳುತ್ತಿದ್ದರು. ಯಲಹಂಕದ ಕೆರೆಯ ತೂಬಿಗೆ ಕಸ ಸಿಕ್ಕಿ ನೀರು ನಿಂತಾಗ, ಇಲ್ಲವೇ ತೂಬಿನ ಬೆಣೆ ಸಡಿಲವಾಗಿ ನೀರು ಪೋಲಾದಾಗ, ಕರೆಯುತ್ತಿದ್ದುದು ಅವನನ್ನೇ. ಹದಿನಾಲ್ಕರ ವಯಸ್ಸಿಗೇ ಕೆರೆಯ ತಳಕ್ಕೆ ಮುಳುಗಿ, ಕತ್ತಲಲ್ಲಿ ತಡವಿ ತೂಬು ಮುಚ್ಚಿ ಬರುತ್ತಿದ್ದ. ಕೆಲಸ ಮುಗಿದ ಮೇಲೂ ಬೇಕೆಂದೇ ಮೇಲೆ ಬರುತ್ತಿರಲಿಲ್ಲ. ಏರಿಯ ಮೇಲೆ ಹೆಂಗಸರು ಬಾಯಿ ಬಡಿದುಕೊಳ್ಳಲು ಶುರುಮಾಡಿದ ಮೇಲೆ ದೂರದ ಜೊಂಡಿನ ಪಕ್ಕ ತಲೆ ಎತ್ತಿ ನಗುತ್ತಿದ್ದ. ಅವನ ತಾಯಿ ಲಕ್ಕಮ್ಮ ಅಷ್ಟು ಹೊತ್ತೂ ತಾನೂ ಉಸಿರು ಹಿಡಿದು ನಿಂತಿರುತ್ತಿದ್ದಳು. ಬಂದವನ ಬೆನ್ನಿಗೆ ಎರಡು ಗುದ್ದಿ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು.

ರೈಲ್ವೆಯಲ್ಲಿ ಫಿಟ್ಟರ್ ಕೆಲಸ ಕಲಿತ. ಮಹಾಯುದ್ಧ ಬಂದಾಗ ಬೊಂಬಾಯಿಗೆ ಹೋಗಿ ನೌಕಾಪಡೆ ಸೇರಿದ. ಅಲ್ಲಿಂದ ಸಿಂಹಳದ ಟ್ರಿಂಕೋಮಲಿ ಬಂದರು. ಬ್ರಿಟಿಷರ ಸಬ್‌ಮೆರೀನುಗಳ ರಿಪೇರಿ ನಡೆಯುತ್ತಿದ್ದ ಜಾಗ ಅದು. ಹೊರಗಿನಿಂದ ರಿಪೇರಿ ಮಾಡುತ್ತಿದ್ದವನನ್ನು, ಇವನ ಕೈಗುಣ ನೋಡಿ, ಒಂದರ ಒಳಕ್ಕೇ ತೆಗೆದುಕೊಂಡರು. ಹಿಂದೂಸ್ಥಾನದವರು ಅದರೊಳಗೆ ಕಾಲಿಡುವುದೇ ಅಪರೂಪವಾಗಿದ್ದ ಕಾಲ.

1943ರ ಬೇಸಿಗೆಯಲ್ಲಿ ರಜೆಗೆ ಬಂದವನು ತಾನು ಇರುವುದು ಎಂಥ ಹಡಗು ಎಂದು ತಾಯಿಗೆ ಹೇಳಲು ಹೆಣಗಿದ. ಸಬ್‌ಮೆರೀನ್ ಎಂಬ ಪದ ಅವಳ ನಾಲಿಗೆಗೆ ಹತ್ತಲಿಲ್ಲ. ಕೊನೆಗೆ ಅವನೇ ಹೆಸರಿಟ್ಟ.

"ಮುಳುಗೋ ಅಡಗು ಕಣವ್ವ. ಬೇಕಂದಾಗ ಮುಳುಗ್ತದೆ, ಬೇಕಂದಾಗ ಮೇಲಕ್ಕೆ ಬತ್ತದೆ. ಮುಳುಗಿದ್ರೆ ಯಾರ ಕಣ್ಣಿಗೂ ಕಾಣಾಕಿಲ್ಲ."

ಆ ಕಡೆಯ ಹಳ್ಳಿಗಳಲ್ಲಿ ಹಕಾರ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಹಡಗು ಅವರ ಬಾಯಲ್ಲಿ ಅಡಗು. ಅಡಗು ಎಂದರೆ ಬಚ್ಚಿಟ್ಟುಕೊಳ್ಳುವುದೂ ಹೌದು. ಲಕ್ಕಮ್ಮನಿಗೆ ಎಲ್ಲ ಅರ್ಥವಾಯಿತು. ಮಗ ಕೆರೆಯಲ್ಲಿ ಮಾಡುತ್ತಿದ್ದುದನ್ನೇ ಈಗ ಸಂಬಳಕ್ಕೆ ಮಾಡುತ್ತಿದ್ದಾನೆ.

ಮರುವರ್ಷ ತಂತಿ ಬಂತು. ಇಂಗ್ಲಿಷಿನಲ್ಲಿದ್ದುದರಿಂದ ಶಾಲೆಯ ಹೆಡ್‌ಮಾಸ್ಟರ್ ಬದರೀನಾಥರನ್ನು ಕರೆಸಿದರು. ಅವರು ಜಗಲಿಯ ಮೇಲೆ ಕೂತು ಎರಡು ಸಲ ಓದಿ, ಕನ್ನಡಕ ತೆಗೆದು, "ನಿಮ್ಮ ಮಗನ ಹಡಗು ಮುಳುಗಿದೆಯಂತೆ ತಾಯಿ" ಎಂದರು.

ಲಕ್ಕಮ್ಮ ಕಾದಳು. ಮಾಸ್ಟರು ಕನ್ನಡಕ ಒರೆಸತೊಡಗಿದರು.

"ಊಂ, ಮುಳುಗ್ತದೆ. ಅದರ ಕಸುಬೇ ಅದು. ಮುಂದಕ್ಕೆ ಓದಿ ಸ್ವಾಮಿ" ಎಂದಳು.

ಮುಂದಕ್ಕೆ ಓದಲು ಏನೂ ಇರಲಿಲ್ಲ. ಬದರೀನಾಥರು ಕಾಗದ ಮಡಿಸಿಟ್ಟು ಎದ್ದರು. ತುಂಬು ಬಸುರಿ ಸೊಣ್ಣಮ್ಮ ಬೀದಿಯ ತನಕ ಹಿಂದೆ ಹೋಗಿ ಕೇಳಿದಳು. ಅವರು ನೆಲ ನೋಡುತ್ತಾ, "ಇಲ್ಲಮ್ಮ, ಇನ್ನು ಬರೋದಿಲ್ಲ" ಎಂದರು. ಅವಳು ಗೋಡೆ ಹಿಡಿದು ಮನೆಗೆ ಬಂದಾಗ ಅತ್ತೆ ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಬೆವರಿಗೆ ಅಳಿಸೋಗೈತೆ, ಬಾ ಇಲ್ಲಿ" ಎಂದಳು. ಸೊಣ್ಣಮ್ಮ ಅಳುವ ಬದಲು ಹಣೆ ಬಗ್ಗಿಸಿದಳು.

ಅಂದಿನಿಂದ ಪ್ರತಿ ಬೆಳಗ್ಗೆ ಸೊಸೆಯ ಹಣೆಗೆ ಕುಂಕುಮ ಇಡುವುದು ಲಕ್ಕಮ್ಮನ ಕೆಲಸವಾಯಿತು. ಸರ್ಕಾರದಿಂದ ತಿಂಗಳು ತಿಂಗಳು ಬರುವ ಪಿಂಚಣಿ ಅವಳ ಲೆಕ್ಕದಲ್ಲಿ ಮಗನ ಸಂಬಳ. "ಸತ್ತೋರಿಗೆ ಯಾವ ದೊರೆ ಸಂಬಳ ಕೊಡ್ತಾನೆ?" ಎಂದು ಹೇಳಿ, ಮಗನ ಬಗ್ಗೆ ಕೇಳಿದವರ ಬಾಯಿ ಮುಚ್ಚಿಸುತ್ತಿದ್ದಳು. ಯುದ್ಧ ಮುಗಿದ ಮೇಲೆ ರೇಷ್ಮೆ ಪಟ್ಟಿಗೆ ಕಟ್ಟಿದ ಬೆಳ್ಳಿಯ ಪದಕ ಬಂತು. ಅದನ್ನು ಸತ್ತ ಹಿರಿಯರ ಗೂಡಿನಲ್ಲಿ ಇಡಲು ಹೋದ ನರಸಿಂಹಯ್ಯನಿಂದ ಕಿತ್ತುಕೊಂಡು ದೇವರ ಗೂಡಿನಲ್ಲಿ ಇಟ್ಟಳು. ಶೌರ್ಯಕ್ಕೆ ಕೊಟ್ಟದ್ದು ಎಂದು ಬದರೀನಾಥರು ಹೇಳಿದ್ದರು. ಏನು ಶೌರ್ಯ, ಎಲ್ಲಿ, ಯಾರಿಗೂ ತಿಳಿಯದು. ಕಾಣೆಯಾಗಿ ಹನ್ನೆರಡು ವರ್ಷ ತುಂಬಿದಾಗ, ದರ್ಭೆಯ ಗೊಂಬೆ ಮಾಡಿ ಕರ್ಮ ಮುಗಿಸೋಣ ಎಂದು ಬಂದ ಊರಿನ ಹಿರಿಯರಿಗೆ ಜಗಲಿ ಹತ್ತಲೂ ಬಿಡಲಿಲ್ಲ.

ಸೊಣ್ಣಮ್ಮ ಮುದುಕಿಯ ಮಾತಿಗೆ ಎದುರಾಡಿರಲಿಲ್ಲ. ಎದುರಾಡದೆ ಇದ್ದುದರಿಂದ ತನಗೂ ಲಾಭವಿತ್ತು ಎಂಬುದನ್ನು ಅವಳು ಮರೆತಿರಲಿಲ್ಲ. ಓರಗೆಯ ವಿಧವೆಯರು ಆರತಿಯ ಹೊತ್ತಿಗೆ ಅಡುಗೆಮನೆಗೆ ಸರಿಯುತ್ತಿದ್ದರು. ಅವಳಿಗೆ ಆಚೆ ಸರಿದುಕೋ ಎಂದವರಿಲ್ಲ. ಶುಕ್ರವಾರ ನಿಜ ಹೇಳಿದರೆ ಮಗಳ ಮದುವೆ ಆಗುತ್ತದೆ, ಆದರೆ ಆ ಮದುವೆಯಲ್ಲಿ ಅವಳು ಹಿತ್ತಲಿಗೆ. ಹೇಳದಿದ್ದರೆ ಮದುವೆಯೇ ಇಲ್ಲ. ಹೇಳುವುದಕ್ಕಾದರೂ ಹೇಗೆ? ಮುಳುಗಿತು ಎಂದವರಿಗೆಲ್ಲ ಲಕ್ಕಮ್ಮನ ಉತ್ತರ ಸಿದ್ಧವಾಗಿತ್ತು.

ಮಾರನೆಯ ದಿನ ಅವಳು ಹಿಂದೂಪುರದ ಕಡೆಯಿಂದ ಬರುವ ಪ್ಯಾಸೆಂಜರ್ ಹತ್ತಿ ಯಶವಂತಪುರದಲ್ಲಿ ಇಳಿದಳು.

ಗುಲಾಮ್ ರಸೂಲ್ ಟ್ರಿಂಕೋಮಲಿಯಲ್ಲಿ ಚಿಕ್ಕಹನುಮಯ್ಯನ ಜೊತೆ ಫಿಟ್ಟರ್ ಆಗಿದ್ದವನು. ಈಗ ಸ್ಟೇಷನ್ನಿನ ಹಿಂದೆ ಕಬ್ಬಿಣ ಕಡೆಯುವ ಒಂದು ಲೇತ್ ಇಟ್ಟುಕೊಂಡಿದ್ದ. ಯುದ್ಧ ಮುಗಿದ ಹೊಸತರಲ್ಲಿ ಒಮ್ಮೆ ಯಲಹಂಕಕ್ಕೆ ಬಂದು ಹೋಗಿದ್ದ. ಇವಳನ್ನು ಕಂಡು ಲೇತ್ ನಿಲ್ಲಿಸಿ, ಕೈಯ ಗ್ರೀಸು ಒರೆಸಿಕೊಂಡ. ಅವನ ಹೆಂಡತಿ ಕನೀಜ್ ಚಾಪೆ ಹಾಸಿದಳು.

"ನಾಳೆ ನಮ್ಮನೆಗೆ ಬರ್ಬೇಕು ಅಣ್ಣ. ಅವ್ರು ಎಂಗೋದ್ರು ಅಂತ ಅತ್ತೆಗೆ ಯೋಳ್ಬೇಕು."

"ಹೇಳಿದ್ದೆ ತಂಗಿ. ಹಡಗು ಮುಳುಗೋಯ್ತು ಅಮ್ಮಾ ಅಂದೆ. ಸರಿ, ಮೇಲಕ್ಕೆ ಬಂದಾಗ ಬತ್ತಾನೆ ಬಿಡಪ್ಪ ಅಂತ ಪಾನಕ ಕೊಟ್ರು."

"ಪಾನಕ ಕುಡಿದು ಬಂದು ಈ ಮನುಷ್ಯ ವಾರ ಊಟ ಮಾಡ್ಲಿಲ್ಲ" ಎಂದು ಕನೀಜ್ ಒಳಗಿನಿಂದ ಹೇಳಿದಳು. "ಮತ್ತೆ ಕಳಿಸ್ಬೇಕಾ ನಾನು?"

"ನನ್ನ ಮಗಳ ಮದ್ವೆ ನಿಂತೋಗ್ತದೆ ಅಕ್ಕ."

ಕನೀಜ್ ಆಚೆ ಬಂದಳು. ಸೊಣ್ಣಮ್ಮನ ಹಣೆಯನ್ನೂ ಕೈಬಳೆಗಳನ್ನೂ ನೋಡಿದಳು. "ಅವರು ನಿಜ ಹೇಳಿದ್ರೆ ನಿನಗೆ ಏನಾಗುತ್ತೆ ಗೊತ್ತಲ್ವಾ?"

"ಗೊತ್ತು."

ರಸೂಲ್ ಬೀಡಿ ಹಚ್ಚಿ ಹಾಗೇ ಹಿಡಿದುಕೊಂಡಿದ್ದ. "ನಾನು ಅದರೊಳಗೆ ಇರ್ಲಿಲ್ಲ ತಂಗಿ. ದಡದಲ್ಲಿದ್ದೆ."

"ದಡದಲ್ಲಿ ಇದ್ದೋರೇ ಅಲ್ವಾ ಅಣ್ಣ ಯೋಳ್ಬೇಕಾದ್ದು?"

ಅವನು ಬೀಡಿಯನ್ನು ಸೇದದೆಯೇ ನೆಲಕ್ಕೆ ಒತ್ತಿ ಆರಿಸಿದ. "ನಾಳೆ ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಬರ್ತೀನಿ" ಎಂದ.

ಮಾಕಳಿಯವರು ಅದಕ್ಕೆ ಮುಂಚೆಯೇ ಬಂದರು. ಎತ್ತಿನ ಗಾಡಿಯಿಂದ ಮೊದಲು ಇಳಿದವಳು ಹುಡುಗನ ಅಜ್ಜಿ ಪಟಾಲಮ್ಮ. ಬೋಳು ಹಣೆ, ಬರಿಗೈ, ಸೊಂಟದಲ್ಲಿ ಎಲೆಅಡಿಕೆಯ ಚೀಲ. ಹಿಂದೆ ಅವಳ ಮಗ, ಹುಡುಗನ ತಂದೆ ಚನ್ನಕೇಶವ, ವೀಳ್ಯದ ತಟ್ಟೆ ಹಿಡಿದು ಬಂದ. ತಟ್ಟೆಯನ್ನು ಕೆಳಗಿಡಲು ಬಗ್ಗಿದವನಿಗೆ ಪಟಾಲಮ್ಮ ಕಣ್ಣಿನಲ್ಲೇ ಬೇಡ ಎಂದಳು. ಅವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ನರಸಿಂಹಯ್ಯ ದ್ರಾಕ್ಷಿ ತಂದಿಟ್ಟ. ಮಳೆ ಬೆಳೆಯ ಮಾತಾಯಿತು. ಸೊಣ್ಣಮ್ಮ ಬಾಗಿಲ ಮರೆಯಿಂದ ಬೀದಿಯ ಕಡೆ ನೋಡುತ್ತಿದ್ದಳು. ಅವಳ ಹಿಂದೆ ಮುನಿಲಕ್ಷ್ಮಿ, ಹೊಸ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು.

ಪಟಾಲಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಯೇಬಿಟ್ಟಳು. "ಲಕ್ಕಮ್ಮ, ನಿನ್ ಮಗ ಎಲ್ಲವ್ನೆ?"

"ಅಡಗಿನಾಗವ್ನೆ."

"ಅಡಗೆಲ್ಲೈತೆ?"

"ನೀರಾಗೈತೆ. ಅಡಗು ಇನ್ನೇನು ಉಣಸೇಮರದ ಮೇಲಿರ್ತದಾ?"

ಚನ್ನಕೇಶವ ನಗು ತಡೆದುಕೊಂಡ. ಪಟಾಲಮ್ಮ ತಡೆದುಕೊಳ್ಳಬೇಕಾಗಲಿಲ್ಲ. "ಅದಿನೇಳು ವರ್ಷ ಮುಳುಗಿರಾಕೆ ಅದೇನು ಅಡಗಾ, ಗುಂಡುಕಲ್ಲಾ? ನೋಡು, ನಾನು ಜಗಳಕ್ಕೆ ಬಂದಿಲ್ಲ. ಎಣ್ಣು ಚೆನ್ನಾಗವ್ಳೆ. ಆದ್ರೆ ಎಡೆ ಕಾಣದೆ ಅಸ್ಕಂಡಿರೋ ಜೀವ ಮದ್ವೆ ಚಪ್ಪರದ ಮ್ಯಾಲೆ ಕೂತ್ಕಂತದೆ. ನನ್ ಮೊಮ್ಮಗನ ಬಾಳಿಗೆ ಅದು ಬ್ಯಾಡ."

"ಬದುಕಿರೋನಿಗೆ ಎಡೆ ಇಕ್ಕಿದ್ರೆ ಅವನ ಆಯಸ್ಸು ಕಿತ್ಕಂಡಂಗೆ. ನನ್ನ ಕೈಯಾಗೆ ನಾನೇ ಕೀಳ್ಲಾ?" ಲಕ್ಕಮ್ಮನ ದನಿ ಏರಿತು. "ಒಂದ್ ವರ್ಷ ತಡೀರಿ. ಬತ್ತಾನೆ, ಧಾರೆ ಎರೀತಾನೆ."

"ಏಳಪ್ಪ ಚನ್ನಕೇಶವ" ಎಂದಳು ಪಟಾಲಮ್ಮ.

ಚನ್ನಕೇಶವ ತಟ್ಟೆ ಎತ್ತಿಕೊಂಡು ಎದ್ದ. ಅವನಿಗೂ ಮನಸ್ಸಿರಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಾಯಿಯ ಕಡೆಗೇ ನೋಡುತ್ತಿದ್ದ. ಸೊಣ್ಣಮ್ಮನ ಹಿಂದೆ ಮಗಳ ಸೆರಗಿನ ಸದ್ದು ನಿಂತಿತು. ಬಾಗಿಲ ಮರೆಯಿಂದ ಆಚೆ ಬಂದು ಸೊಣ್ಣಮ್ಮ, "ಕೂತ್ಕಳಿ ಅಣ್ಣ. ಒಬ್ರು ಬರೋರವ್ರೆ" ಎಂದಳು. ಗಂಡಸರಿದ್ದ ಜಗಲಿಯಲ್ಲಿ ಅವಳು ಹಾಗೆ ಮಾತನಾಡಿದ್ದು ಅದೇ ಮೊದಲು.

ಗುಲಾಮ್ ರಸೂಲ್ ಬಂದಾಗ ಎತ್ತುಗಳನ್ನು ನೊಗಕ್ಕೆ ಕಟ್ಟಿಯಾಗಿತ್ತು. ಅವನನ್ನು ಕಂಡು ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಲಕ್ಕಮ್ಮ.

"ಬಾ ಸಾಬ್ರೆ, ಸರಿಯಾದ ಒತ್ತಿಗೆ ಬಂದೆ. ಇವ್ರಿಗೆ ಯೋಳು. ನೀನು ಕಣ್ಣಾರೆ ಕಂಡೋನು. ಮುಳುಗಿದ್ ಅಡಗು ಮೇಲಕ್ಕೆ ಬತ್ತದಾ ಇಲ್ವಾ?"

ರಸೂಲ್ ಟೋಪಿ ತೆಗೆದು ಮಡಿಸಿ ಜೇಬಿಗಿಟ್ಟುಕೊಂಡ. ನೀರು ಕೇಳಿ ಕುಡಿದ.

"ಬರುತ್ತೆ ಅಮ್ಮಾ. ಎಷ್ಟೋ ಸಲ ಬಂದಿದೆ. ಒಂದ್ಸಲ ಮೇಲಿಂದ ಜಪಾನಿನೋರು ಬಾಂಬು ಹಾಕಿದ್ರು. ಒಳಗೆ ದೀಪ ಹೋಯ್ತು. ನೀರಿನ ಪೈಪು ಬಿರುಕು ಬಿಟ್ಟು ಸಮುದ್ರ ಒಳಗೆ ನುಗ್ತಾ ಇತ್ತು. ಅದರ ವಾಲ್ವು, ನಿಮ್ಮ ಕೆರೆ ತೂಬಿದ್ದಂಗೆ, ಅದು ಎಲ್ಲಿದೆ ಅಂತ ಕತ್ತಲಲ್ಲಿ ಯಾರಿಗೂ ಸಿಗ್ಲಿಲ್ಲ. ನಿಮ್ಮ ಮಗ ಚಿಕ್ಕಣ್ಣ ನೀರಲ್ಲಿ ಮುಳುಗಿ ತಡವಿ ಹುಡುಕಿ ಕೈಯಲ್ಲೇ ತಿರುಗಿಸಿ ಮುಚ್ಚಿದ. ದಡಕ್ಕೆ ಬಂದ ಮೇಲೆ ಆ ವಾಲ್ವು ರಿಪೇರಿ ಮಾಡಿದೋನು ನಾನು. ಕಬ್ಬಿಣದ ಚಕ್ರ ಸೊಟ್ಟಗಾಗಿತ್ತು. ಒಳಗಿದ್ದೋರೆಲ್ಲ ಅವತ್ತು ಉಳಿದ್ರು. ಆ ಬೆಳ್ಳಿ ಬಿಲ್ಲೆ ಕೊಟ್ಟಿದ್ದು ಅದಕ್ಕೇ."

ಸೊಣ್ಣಮ್ಮ ಇದನ್ನು ಮೊದಲ ಸಲ ಕೇಳುತ್ತಿದ್ದಳು. ಕೊನೆಯ ಸಲ ರಜೆಗೆ ಬಂದಾಗ ಗಂಡನ ಅಂಗೈಯಲ್ಲಿ ಉದ್ದಕ್ಕೆ ಗಾಯದ ಗುರುತಿತ್ತು. ಕೇಳಿದಾಗ, ಡಬ್ಬದ ಮುಚ್ಚಳ ಕೊಯ್ದದ್ದು ಎಂದಿದ್ದ.

"ಕೇಳಿಸ್ತಾ?" ಎಂದಳು ಲಕ್ಕಮ್ಮ ಪಟಾಲಮ್ಮನ ಕಡೆ ತಿರುಗಿ.

"ಅದಾದ ಮೇಲೆ ಇನ್ನೊಂದ್ಸಲ ಹೋದ್ರು ಅಮ್ಮಾ. ಬರ್ಬೇಕಾದ ದಿನ ಬರ್ಲಿಲ್ಲ."

"ಮುಳುಗಿರ್ತದೆ."

ರಸೂಲ್ ಸೊಣ್ಣಮ್ಮನ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಅಮ್ಮಾ, ಅದು ಮೀನಲ್ಲ. ಕಬ್ಬಿಣದ ಡಬ್ಬ. ಮುಳುಗೋಕೆ ಮುಂಚೆ ಒಳಗೆ ಎಷ್ಟು ಗಾಳಿ ಇರುತ್ತೋ ಅಷ್ಟೇ. ಅದರಲ್ಲೇ ಎಲ್ರೂ ಉಸಿರಾಡ್ಬೇಕು."

ಲಕ್ಕಮ್ಮ ಕೆರೆಯ ಏರಿಯ ಮೇಲೆ ನಿಂತಾಗಿನಂತೆ ಉಸಿರು ಹಿಡಿದಳು. ಹಡಗಿನ ಬಗ್ಗೆ, ನೀರಿನ ಬಗ್ಗೆ, ಯುದ್ಧದ ಬಗ್ಗೆ ಬಂದವರೆಲ್ಲ ಹೇಳಿದ್ದರು. ಉಸಿರಿನ ಮಾತನ್ನು ಇದುವರೆಗೆ ಯಾರೂ ಎತ್ತಿರಲಿಲ್ಲ.

"ಎಷ್ಟೊತ್ತು ಬತ್ತದೆ ಆ ಗಾಳಿ?" ಎಂದು ಕೇಳಿದಳು. ದನಿ ಸಣ್ಣದಾಗಿತ್ತು.

"ಬೆಳಗಿಂದ ರಾತ್ರಿ ತನಕ. ಭಾಳ ಅಂದ್ರೆ ಮಾರನೇ ದಿನ."

"ಆಮ್ಯಾಕೆ?"

"ಮೇಲಕ್ಕೆ ಬಂದು ಉಸಿರು ತಗೊಳ್ಲೇಬೇಕು ಅಮ್ಮಾ. ದಿನಾ ರಾತ್ರಿ ಬರ್ಲೇಬೇಕು. ಬರ್ಲಿಲ್ಲ ಅಂದ್ರೆ..." ರಸೂಲ್ ಟೋಪಿಯಿದ್ದ ಜೇಬನ್ನು ಮುಟ್ಟಿಕೊಂಡ. "ಇಲ್ಲ ಅಂತಾನೇ."

ವಿಮಾನವೊಂದು ಮನೆಯ ಮೇಲೆ ತಗ್ಗಿನಲ್ಲಿ ಹಾದುಹೋಯಿತು. ಹೆಂಚು ಅದುರಿ ನಿಂತಿತು. ಲಕ್ಕಮ್ಮ ಅಳಲಿಲ್ಲ. ನಿಧಾನವಾಗಿ ತಲೆ ತಿರುಗಿಸಿ ಸೊಸೆಯನ್ನು ನೋಡಿದಳು.

"ನಿನಗೆ ಗೊತ್ತಿತ್ತೇನೆ?"

"ಗೊತ್ತಿತ್ತು ಅತ್ತೆ."

"ಎಂದಿನಿಂದ?"

"ತಂತಿ ಬಂದ ದಿನದಿಂದ."

"ಮತ್ತೆ ಅಣೆಗೆ ಕುಂಕುಮ ಯಾಕೆ ಇಕ್ಕಂಡೆ?"

"ನೀವು ಇಕ್ಕಿದ್ರಿ."

ನರಸಿಂಹಯ್ಯ ಮುಖ ಆಚೆ ತಿರುಗಿಸಿದ. ಪಟಾಲಮ್ಮ ಅಗಿಯುತ್ತಿದ್ದ ಎಲೆಯನ್ನು ಉಗಿದು ಬಂದು, ಲಕ್ಕಮ್ಮನ ಪಕ್ಕಕ್ಕೆ, ತುಸು ಹತ್ತಿರಕ್ಕೆ ಕೂತಳು. ಆದರೂ ಬಂದ ಕೆಲಸ ಬಿಡುವವಳಲ್ಲ.

"ಅಂಗಾದ್ರೆ ಅಮಾವಾಸ್ಯೆಗೆ ಎಡೆ ಇಕ್ಕಿ. ಆಗಬೇಕಾದ್ ಶಾಸ್ತ್ರ ಎಲ್ಲ ಆಗೋಗ್ಲಿ. ಬಳೆ..."

"ಬಳೆ ಒಡೆಯಾಕಿಲ್ಲ" ಎಂದಳು ಲಕ್ಕಮ್ಮ.

"ಅದೆಂಗಾಯ್ತದೆ?"

"ಬಳೆ ಒಡೆಯೋದು ಎಣದ ಮುಂದೆ. ಎಣ ಎಲ್ಲೈತೆ, ತಂದು ಇಳಿಸು. ಇಳಿಸಿದ್ರೆ ನಾನೇ ಒಡೀತೀನಿ."

ಚನ್ನಕೇಶವ ತಾಯಿಯ ಮುಖ ನೋಡಿದ. ಶಾಸ್ತ್ರದಲ್ಲಿ ಅದು ನಿಜವೇ ಆಗಿತ್ತು. ಹೆಣವಿಲ್ಲದೆ ಬಳೆ ಒಡೆದದ್ದನ್ನು ಪಟಾಲಮ್ಮನೂ ನೋಡಿರಲಿಲ್ಲ. ತನ್ನ ಬರಿಗೈಯನ್ನು ತಿರುಗಿಸಿ ನೋಡಿಕೊಂಡಳು. "ನಂದು ಕಲ್ಲಲ್ಲಿ ಕುಟ್ಟಿ ಒಡೆದ್ರು. ಮುಂಗೈಯೆಲ್ಲ ರಕ್ತ" ಎಂದಳು, ಯಾರಿಗೆ ಎಂದಲ್ಲದೆ.

ಸೊಣ್ಣಮ್ಮ ಮುಂದೆ ಬಂದಳು. "ಕುಂಕುಮ ನಾನು ಬಿಡ್ತೀನಿ. ಎಡೆನೂ ನಾನೇ ಮಾಡ್ತೀನಿ. ಆದ್ರೆ ನನ್ನ ಮಗಳ ಧಾರೆ ಒತ್ನಾಗೆ ನಾನು ಇತ್ತಲ ಬಾಗ್ಲಾಗೆ ಕೂರಾಕಿಲ್ಲ. ಚಪ್ಪರದಾಗೆ ಇರ್ತೀನಿ. ಅದಕ್ಕೆ ಒಪ್ಪಿದ್ರೆ ತಟ್ಟೆ ಕೆಳಗಿಡಿ ಅಣ್ಣ."

"ಮಣೆ ತಾವ ಬರ್ಬ್ಯಾಡ" ಎಂದಳು ಪಟಾಲಮ್ಮ.

"ಬರಾಕಿಲ್ಲ. ಕಾಣಂಗೆ ನಿಂತಿರ್ತೀನಿ."

ಪಟಾಲಮ್ಮ ಎಲೆಅಡಿಕೆಯ ಚೀಲ ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದಳು. ಕೊನೆಗೆ ಮಗನಿಗೆ, "ತಟ್ಟೆ ಎಷ್ಟೊತ್ತು ಇಡ್ಕಂಡು ನಿಂತಿರ್ತೀಯ, ಇಡೋ" ಎಂದಳು.

ಅಮಾವಾಸ್ಯೆಯ ದಿನ ಚಿಕ್ಕಹನುಮಯ್ಯನಿಗೆ ಮೊದಲ ಎಡೆ ಇಟ್ಟರು. ಸತ್ತ ತಿಥಿ ಯಾರಿಗೂ ತಿಳಿಯದ್ದರಿಂದ ಆ ಮನೆಯಲ್ಲಿ ವರ್ಷ ವರ್ಷ ಅದೇ ಅಮಾವಾಸ್ಯೆಯನ್ನು ಹಿಡಿದುಕೊಂಡರು. ವೈಶಾಖದಲ್ಲಿ ಮದುವೆಯಾಯಿತು. ಧಾರೆ ಎರೆದವರು ನರಸಿಂಹಯ್ಯ ಮತ್ತು ಅವನ ಹೆಂಡತಿ. ಸೊಣ್ಣಮ್ಮ ಚಪ್ಪರದ ಪೂರ್ವದ ಕಂಬದ ಪಕ್ಕ ನಿಂತಿದ್ದಳು. ಮಾರನೆಯ ಬೆಳಗ್ಗೆ ಮುನಿಲಕ್ಷ್ಮಿ ಮಾಕಳಿಗೆ ಹೋದಳು.